ಬಾಗಿಲು ಹಾಕಿದವರು

ಕವಿ ಆಂಬ್ರೋಸ್ ಫೆನ್ ಬೆಳಿಗ್ಗೆ ಹೇಳಿಕೊಟ್ಟು ಹೋದ ಸಾಲುಗಳು ಮಧ್ಯಾಹ್ನದ ಹೊತ್ತಿಗೆ ಡಾರ್ಕಸ್ ಹೋಲ್ಟಳ ಹಲ್ಲಿನ ಸಂದಿಯಲ್ಲಿ ಮಾಂಸದ ನಾರಿನಂತೆ ಸಿಕ್ಕಿಕೊಂಡಿದ್ದವು. ನಾಲಿಗೆ ಬೇಡವೆಂದರೂ ಅಲ್ಲಿಗೇ ಹೋಗುತ್ತಿತ್ತು. ಬಣ್ಣದ ಕೋಣೆಯ ಕನ್ನಡಿಯ ಮುಂದೆ ಅವಳು ನಿಂತಿದ್ದಳು. ಉಡುಪು ತೊಡಿಸುವ ಮುದುಕಿ ಮಾರ್ಜರಿ ಹಿಂದಿನಿಂದ ಬೆನ್ನಿಗೆ ಮೊಣಕಾಲು ಕೊಟ್ಟು ಬಿಗಿಗುಪ್ಪಸದ ದಾರ ಜಗ್ಗುತ್ತಿದ್ದಳು. ಕಾವಲಿನವನ ಕೈ ಬೆಚ್ಚಗೆ ಮಾಡಿ ಒಳಗೆ ನುಗ್ಗಿದ್ದ ಶ್ರೀಮಂತರ ಮಕ್ಕಳಿಬ್ಬರು ಗೋಡೆಗೆ ಒರಗಿ, ಸಂತೆಯಲ್ಲಿ ಕುದುರೆಯ ಹಲ್ಲು ನೋಡುವವರ ಹಾಗೆ ಅವಳನ್ನು ನೋಡುತ್ತ ಕಿತ್ತಳೆ ಸುಲಿಯುತ್ತಿದ್ದರು. ಅವರ ಮೇಲೆ ಅವಳಿಗೆ ಸಿಟ್ಟು ಕೂಡ ಬರಲಿಲ್ಲ. ಇವತ್ತಿನ ಸಿಟ್ಟಿಗೆ ಇವರು ಯಾವ ಮೂಲೆಗೆ? ಹೊಸ ನಾಟಕದ ಮೊದಲ ದಿನ. ಅದರಲ್ಲಿ ಅವಳು ಮುದುಕ ಸರದಾರನೊಬ್ಬನ ಎಳೆ ಹೆಂಡತಿ. ಗಂಡನ ಕಣ್ಣಿಗೆ ಮಣ್ಣೆರಚಿ ಪೋಕರಿಯೊಬ್ಬನಿಗೆ ಒಲಿಯುವವಳು. ಆ ಪೋಕರಿಯ ಪಾತ್ರ ಅವಳ ಸ್ವಂತ ಗಂಡ ಜರ್ವೇಸನದು. ಮೂರು ಗಂಟೆಯಿಂದ ಐದರವರೆಗೆ ಮಿಂಡ, ಆಮೇಲೆ ಗಂಡ. ಲಂಡನ್ನಿನಲ್ಲಿ ಇದು ಹಳೆಯ ತಮಾಷೆ. ಊರಲ್ಲಿ ಇಷ್ಟೊಂದು ಗಂಡಸರಿರುವಾಗ ಈ ಹೆಂಗಸು ಹಾದರಕ್ಕೂ ಕಟ್ಟಿಕೊಂಡವನನ್ನೇ ಹುಡುಕುತ್ತಾಳಲ್ಲ, ಎಂಥ ಜಿಪುಣಿ ಇರಬೇಕು ಎಂದು ಕಾಫಿ ಅಂಗಡಿಗಳಲ್ಲಿ ನಗುತ್ತಿದ್ದರು.

ಆ ನಗೆಯನ್ನೆಲ್ಲ ಅವಳು ನುಂಗಿಕೊಂಡಿದ್ದಳು. ನಟಿಯ ಮಾನ ಅಂದರೆ ಊರ ಮುಂದಿನ ಬಾವಿ, ದಾರಿಯಲ್ಲಿ ಹೋಗುವವರೆಲ್ಲ ಬಿಂದಿಗೆ ಇಳಿಸುತ್ತಾರೆ. ನಾಟಕ ಮುಗಿದ ಮೇಲೆ ನಾಯಕಿ ವೇಷ ಕಳಚದೆ ಒಬ್ಬಳೇ ಮುಂದೆ ಬರಬೇಕು. ಪಾತ್ರದ ಹೆಸರು ಬಿಟ್ಟು, ತನ್ನ ಸ್ವಂತ ಹೆಸರಿನಲ್ಲಿ, ತನ್ನ ಹಾಸಿಗೆಯನ್ನು ತಾನೇ ಬೀದಿಯಲ್ಲಿ ಹಾಸಿ ಕೊಡವಿ ತೋರಿಸಿ ಒಂದು ಪದ್ಯ ಹೇಳಬೇಕು. ಜನ ನಕ್ಕ ಮೇಲೆ ನಾಳೆಯೂ ಬನ್ನಿ ಎಂದು ಮೊಣಕಾಲು ಬಗ್ಗಿಸಬೇಕು. ಹೆಸರಿಗೆ ಅದು ಮಂಗಳದ ಪದ್ಯ. ಗಾಳಿಮಾತು ಹಳಸಬಾರದೆಂದು ಕವಿಗಳು ಅದನ್ನು ಕೊನೆಯ ಗಳಿಗೆಗೆ ತರುತ್ತಾರೆ. ಡಾರ್ಕಸಳಿಗೆ ಓದು ಬಾರದು, ಕಿವಿಯಿಂದ ಕಲಿಯುವವಳು. ಬೆಳಿಗ್ಗೆ ಖಾಲಿ ರಂಗದ ಅಂಚಿನಲ್ಲಿ ಕೂತು ಫೆನ್ ಒಂದೊಂದೇ ಸಾಲು ಹೇಳಿದ, ಅವಳು ಗಿಳಿಯ ಹಾಗೆ ತಿರುಗಿ ಒಪ್ಪಿಸಿದಳು.

‘ಮಂಚವೇರಿದ ಗಂಡನನು ಕೇಳುವೆನು ಕಿವಿ ಕಚ್ಚಿ:
ಬಾಗಿಲು ತೆಗೆದಿದೆಯೆ, ದೊರೆ? ಇಟ್ಟಿಲ್ಲವಷ್ಟೆ ಮುಚ್ಚಿ?
ಬಂದವನು ಮಲಗಿರಲಿ, ಬರುವವನು ಬರಲಿ;
ಒಬ್ಬನಿಗಾಗಿ ಚಿಲಕವನು ಏಕೆ ಹಾಕಿರಲಿ?’

ಮೊದಲ ಸಲ ಅದು ಬರೀ ಸದ್ದಾಗಿ ಬಾಯಿಂದ ಹೊರಬಿತ್ತು. ಎರಡನೆಯ ಸಲ ಹೇಳುವಾಗ ಅರ್ಧಕ್ಕೆ ನಿಂತಳು.

“ಇದನ್ನ ನಿಮಗೆ ಯಾರು ಹೇಳಿದ್ದು?”

“ಯಾವುದನ್ನ, ತಾಯಿ?”

“ಬಾಗಿಲು. ನಾನು ಹಾಗೆ ಕೇಳ್ತೀನಿ ಅಂತ.”

ಫೆನ್ ನಕ್ಕ. ಕಾಫಿಯಿಂದ ಕಪ್ಪಾದ ಹಲ್ಲು. “ಇನ್ಯಾರು ಹೇಳ್ತಾರೆ? ನಿಮ್ಮ ಮಂಚದಲ್ಲಿ ಮಲಗೋರು ಒಬ್ಬರೇ ಅಂತೆ, ಊರೆಲ್ಲ ಗೊಣಗ್ತಾ ಇದೆ. ಎರಡನೇ ಬಾಟ್ಲಿ ಖಾಲಿಯಾದಾಗ ಅವರೇ ಹೇಳಿದ್ರು.”

“ಯಾಕೆ ಕೇಳ್ತೀನಿ ಅಂತಾನೂ ಹೇಳಿದ್ರಾ?”

ಕವಿ ಉಗುರು ನೋಡಿಕೊಂಡ. “ಹೇಳಿದ್ರು. ಅತ್ತರು ಕೂಡ. ಅಳೋದನ್ನ ನಾನು ಬಿಟ್ಟುಬಿಟ್ಟೆ. ಹಾಸ್ಯ ನಾಟಕಕ್ಕೆ ಅದು ಒಗ್ಗಲ್ಲ.”

ಥೂ, ನಿನ್ನ ನಾಲಿಗೆಗೆ ಹುಳ ಬೀಳ ಎಂದು ಶಪಿಸಿದಳು, ಮನಸ್ಸಿನಲ್ಲೇ. ಬಾಯಲ್ಲಿ ಹೇಳಿದ್ದು, “ನಾನು ಇದನ್ನ ಹೇಳಲ್ಲ” ಎಂದಷ್ಟೇ. ಫೆನ್ ಬೇಜಾರೇನೂ ಮಾಡಿಕೊಳ್ಳಲಿಲ್ಲ. “ಆಗಲಿ ಬಿಡಿ. ಲೆಟಿಸ್ ಹೇಳ್ತಾಳೆ. ‘ನಾನು’ ಅಂತ ಇರೋ ಕಡೆ ‘ನಮ್ಮ ಮಿಸೆಸ್ ಹೋಲ್ಟ್’ ಅಂತ ಹಾಕಿದ್ರೆ ಮುಗೀತು. ಆ ಹುಡುಗಿ ಕಾಯ್ತಾ ಇದಾಳೆ.” ಲೆಟಿಸ್ ಕ್ರೂ ಕಾಯುತ್ತಿದ್ದುದು ಸುಳ್ಳಲ್ಲ. ಮಂಡಳಿಗೆ ಹೊಸದಾಗಿ ಸೇರಿದವಳು, ಹದಿನೆಂಟರ ಹುಡುಗಿ. ಡಾರ್ಕಸ್ ಒಂದು ಸಲ ಕೆಮ್ಮಿದರೆ ಸಾಕು, ಅವಳ ಪಾತ್ರವನ್ನೆಲ್ಲ ಒಳಗೊಳಗೇ ಗುಣುಗುಣು ಎಂದುಕೊಳ್ಳುವ ಜಾಣೆ.

ಅಂತೂ ಆ ಮಾತು ಹೊರಗೆ ಬಂದೇ ಬರುತ್ತದೆ. ಯಾರ ಬಾಯಿಂದ ಬರಬೇಕೆನ್ನುವುದಷ್ಟೇ ಅವಳಿಗೆ ಬಿಟ್ಟದ್ದು. ಮಾರ್ಜರಿ ದಾರಕ್ಕೆ ಗಂಟು ಹಾಕುತ್ತಿದ್ದಳು, ಡಾರ್ಕಸ್ ಮಾತ್ರ ಪಾದರಕ್ಷೆ ಮಾಡುವವನ ಅಂಗಡಿಯ ಮೇಲಿನ ಆ ಹಳೆಯ ಬಾಡಿಗೆ ಮನೆಯಲ್ಲಿದ್ದಳು. ಮಗುವಿಗೆ ಜೂಡಿತ್ ಎಂದು ಹೆಸರಿಟ್ಟಿದ್ದರು. ಹಲ್ಲು ಮೂಡುತ್ತಿದ್ದ ಕಾಲ, ಸಿಕ್ಕಿದ್ದನ್ನೆಲ್ಲ ಕಚ್ಚುವುದು, ಕೆಮ್ಮುವುದು. ಅವತ್ತು ಕೂಡ ಹೊಸ ನಾಟಕವೇ. ಜನ ಬೆಂಚು ಹತ್ತಿ ಕೂಗಿದ್ದರು, ಯಾರೋ ಒಬ್ಬ ಶ್ರೀಮಂತ ತಿನ್ನಲು ಕಡಲ ಸಿಂಪಿಯ ಬುಟ್ಟಿಯನ್ನೂ ವೈನನ್ನೂ ಕಳಿಸಿದ್ದ. ಗಂಡ ಹೆಂಡತಿ ಮನೆಗೆ ಬಂದಾಗ ಇಬ್ಬರ ಕಾಲೂ ನೆಲದ ಮೇಲಿರಲಿಲ್ಲ. ಮಗು ಹೆತ್ತ ಮೇಲೆ ತನ್ನ ಮೈ ತನ್ನದಲ್ಲವೆಂಬಂತೆ ಇದ್ದವಳಿಗೆ ಅವತ್ತು ಮತ್ತೆ ಮೈ ಬಂದಿತ್ತು. ಒಳಕೋಣೆಯ ತೊಟ್ಟಿಲಲ್ಲಿ ಮಗು ಕುಂಯ್‌ಗುಟ್ಟುತ್ತಿತ್ತು. ಒಂದು ಕೈ ಬಾಗಿಲನ್ನು ತಳ್ಳಿ ಮುಚ್ಚಿತು, ಕುಂಯ್ ಅನ್ನುವುದು ನಿಂತಿತು, ಅಂದರೆ ಕೇಳಿಸುವುದು ನಿಂತಿತು. ಬೆಳಿಗ್ಗೆ ಬಾಗಿಲು ತೆಗೆದಾಗ ಮಗುವಿನ ತುಟಿ ನೀಲಿಯಾಗಿತ್ತು. ಆ ಕೈ ಜರ್ವೇಸನದು. ಕೆಲವು ಸಲ ನೆನಪಿನಲ್ಲಿ ಆ ಕೈಯ ಮಣಿಕಟ್ಟಿಗೆ ಅವನ ಅಂಗಿಯ ಜಾಲರಿ ಇರುತ್ತಿತ್ತು, ಕೆಲವು ಸಲ ಬರಿಗೈ. ಜಾಲರಿ ಇದ್ದರೇನು ಬಿಟ್ಟರೇನು, ಕೈ ಅವನದೇ. ಈ ಮೂರು ವರ್ಷದಲ್ಲಿ ಅವಳು ಅದನ್ನು ಅವನ ಮುಖಕ್ಕೆ ಹೇಳಿರಲಿಲ್ಲ. ಹೇಳದೆ ಇಟ್ಟುಕೊಂಡಿದ್ದೇ ಅವಳ ದೊಡ್ಡತನ, ಅವಳು ಅವನಿಗೆ ಮಾಡಿದ ಉಪಕಾರ. ಅವನು ಹತ್ತಿರ ಬಂದಾಗ ಮಾತ್ರ ಅವಳ ಬಾಯಿ ಅವಳ ಮಾತು ಕೇಳುತ್ತಿರಲಿಲ್ಲ. ಬಾಗಿಲು ತೆಗೆದಿದೆಯಾ, ಮುಚ್ಚಿಲ್ಲ ತಾನೆ, ಎಂದುಬಿಡುತ್ತಿತ್ತು. ಅವನು ಎದ್ದು ಹೋಗಿ ನೋಡಿ ಬರುತ್ತಿದ್ದ. ಈಗಿನ ಮನೆಗೆ ಒಳಕೋಣೆಯೇ ಇಲ್ಲದಿದ್ದರೂ ಎದ್ದು ಹೋಗಿ ನಿಂತು ಬರುತ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಮಲಗಿದ ಮೇಲೆ ಶುರುವಾಗುವಂಥದ್ದು, ಅದೂ ಮಾತಿಲ್ಲದೆ.

ಅವನು ಬೇರೆ ಹೆಂಗಸರ ಹಿಂದೆ ಹೋದದ್ದನ್ನೂ ಅವಳು ಬಲ್ಲಳು. ರಂಗದ ಪಕ್ಕದ ಮೇಲಿನ ಸಾಲಿನಲ್ಲಿ ಕಪ್ಪು ಮಖಮಲ್ಲಿನ ಮುಖವಾಡ ಹಾಕಿಕೊಂಡು ಕೂರುವವಳೊಬ್ಬಳಿದ್ದಾಳೆ. ದೊಡ್ಡ ಮನೆಯವಳು, ಮುಖ ಮುಚ್ಚಿಕೊಂಡರೆ ಹೆಸರೂ ಮುಚ್ಚಿಹೋಗುತ್ತದೆ ಎಂದು ನಂಬಿದವಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಜರ್ವೇಸ್ ಮನೆಗೆ ಬಂದಾಗ ಅವನ ಕೂದಲಲ್ಲಿ ಆ ಹೆಂಗಸಿನ ಮಲ್ಲಿಗೆ ಎಣ್ಣೆಯ ವಾಸನೆ ಇರುತ್ತಿತ್ತು. ಅದನ್ನು ಡಾರ್ಕಸ್ ಮೂಗು ಹಿಡಿದುಕೊಂಡು ದಾಟಿದ್ದಳು. ಮೈ ಎಲ್ಲೋ ಹೋಗುತ್ತದೆ, ಬರುತ್ತದೆ, ತೊಳೆದರೆ ಮುಗಿಯಿತು. ರಾಜನಿಂದ ಹಿಡಿದು ಕಿತ್ತಳೆ ಮಾರುವವಳವರೆಗೆ ಈ ಊರೇ ಹಾಗೆ. ಆದರೆ ಇಬ್ಬರಿಗೆ ಮಾತ್ರ ಗೊತ್ತಿದ್ದ ಒಂದು ಮಾತನ್ನು ಹೆಂಡದಂಗಡಿಯ ಮೇಜಿನ ಮೇಲೆ ಇಟ್ಟು ಬರುವುದು ಬೇರೆ. ಆ ಮಾತಿಗೆ ಅವನು ಎದ್ದು ಹೋಗಿ ಬಾಗಿಲು ನೋಡಿ ಬರುತ್ತಿದ್ದನಲ್ಲ, ಆ ನಾಲ್ಕು ಹೆಜ್ಜೆಯಲ್ಲಿ ಅವರ ದಾಂಪತ್ಯ ಉಳಿದುಕೊಂಡಿತ್ತು. ಅದನ್ನೇ ಮಾರಿಬಿಟ್ಟ ನಾಯಿ.

ನಾಯಿ ಬಾಗಿಲಲ್ಲಿ ನಿಂತಿತ್ತು. ಹೊಂಬಣ್ಣದ ಕೋಟು, ದೊಡ್ಡ ಸುರುಳಿಗೂದಲಿನ ಟೋಪನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಬೋಳಿಸಿದ ತಲೆಯಲ್ಲಿ ಅವನು ಯಾರದೋ ಕಾಯಿಲೆಯ ಅಣ್ಣನ ಹಾಗೆ ಕಂಡ. ಮಾರ್ಜರಿ ಇಬ್ಬರ ಮುಖವನ್ನೂ ನೋಡಿ, ಶ್ರೀಮಂತರ ಮಕ್ಕಳನ್ನು, “ಏಳ್ರಪ್ಪಾ, ಸಾಕು ನೋಡಿದ್ದು, ಕಣ್ಣು ನೋಯ್ತವೆ” ಎಂದು ಹೊರಗೆ ಅಟ್ಟಿ ತಾನೂ ಹೋದಳು.

“ಫೆನ್‌ಗೆ ಹೇಳಿದ್ದು ನಿಜಾನಾ?”

“ಕುಡಿದಿದ್ದೆ ಕಣೇ.”

“ಕುಡಿದೋರು ಕೋಟು ಮಾರ್ಕೋತಾರೆ, ಕತ್ತಿ ಮಾರ್ಕೋತಾರೆ. ನಿಮಗೆ ಇದೇ ಸಿಕ್ತಾ?”

“ಅವನು ಪದ್ಯ ಕಟ್ತಾನೆ ಅಂತ ನಾನೇನು ಕನಸು ಕಂಡಿದ್ನಾ?”

“ಕಟ್ಟಿದ್ದು ಗೊತ್ತಾದ ಮೇಲೆ?”

ಜರ್ವೇಸ್ ಟೋಪಿನ ಸುರುಳಿಯೊಂದನ್ನು ಬೆರಳಿಗೆ ಸುತ್ತಿದ. “ಗೊತ್ತಾದ ಮೇಲೆ ಕೇಳಿಸಿಕೊಂಡೆ. ಸಾಲು ಚೆನ್ನಾಗಿದೆ, ಡಾರ್ಕಸ್. ಸುಳ್ಳು ಯಾಕೆ ಹೇಳಲಿ? ಜನ ಬಿದ್ದು ಬಿದ್ದು ನಗ್ತಾರೆ.”

“ಆ ಮುಖವಾಡದವಳಿಗೂ ಹೇಳಿದೀರಾ?”

“ಅವಳ ಹತ್ರ ನಾನು ಮಾತಾಡೋಕೆ ಹೋಗಲ್ಲ” ಎಂದ ಅವನು. ಅಂದಮೇಲೆ ತಾನೇ ಮುಖ ತಿರುಗಿಸಿದ. “ನಿನಗೆ ಆಗದಿದ್ರೆ ಲೆಟಿಸ್‌ಗೆ ಬಿಟ್ಟುಕೊಡು, ಅಷ್ಟೇ.”

“ನನ್ನ ಕೂಸು ಸತ್ತಿದ್ದನ್ನ ಆ ಲೆಟಿಸ್ ಬಾಯಲ್ಲಿ ಕೇಳ್ಬೇಕಾ ನಾನು? ಹೋಗಿ, ಹೋಗಿ ಬಣ್ಣ ಸರಿಮಾಡ್ಕೊಳ್ಳಿ. ಬೆವರು ಇಳೀತಾ ಇದೆ.”

ಹಾಸ್ಯ ನಾಟಕ ಅಂದರೆ ಬಾಗಿಲು, ಮತ್ತೇನಿಲ್ಲ. ರಂಗದ ಎರಡೂ ಮಗ್ಗುಲಿಗೆ ಬಾಗಿಲುಗಳಿವೆ. ಗಂಡ ಈ ಬಾಗಿಲಲ್ಲಿ ಬಂದರೆ ಮಿಂಡ ಆ ಬಾಗಿಲಲ್ಲಿ ಓಡುತ್ತಾನೆ, ಒಂದರ ಹಿಂದೆ ಯಾರೋ ಕೆಮ್ಮುತ್ತಾರೆ, ಬೆಕ್ಕು ಎಂದು ಹೆಂಡತಿ ಸುಳ್ಳು ಹೇಳುತ್ತಾಳೆ. ಎಷ್ಟು ಸಲ ಮುಚ್ಚಿದರೂ ತೆಗೆದಾಗ ಒಳಗಿನವರು ಜೀವಂತವಾಗಿ, ಬಟ್ಟೆ ಸರಿಪಡಿಸಿಕೊಳ್ಳುತ್ತ ಹೊರಗೆ ಬರುತ್ತಾರೆ. ಈ ಒಂದು ಕಾರಣಕ್ಕೆ ಡಾರ್ಕಸಳಿಗೆ ಈ ಹೊಲಸು ನಾಟಕಗಳು ಸೇರುತ್ತಿದ್ದವು. ಅವತ್ತೂ ಅವಳ ಬಾಯಿ ತಾನಾಗಿ ಆಡಿತು, ಬೀಸಣಿಗೆ ತಾನಾಗಿ ಬಿಚ್ಚಿಕೊಂಡಿತು. ಮುದುಕ ಸರದಾರನಿಗೆ ಮಂಕುಬೂದಿ ಎರಚಿದಳು, ಹಸಿರು ಬಟ್ಟೆ ಹೊದಿಸಿದ ಬೆಂಚುಗಳಿಂದ ನಗು ಎದ್ದೆದ್ದು ಬಂತು. ನಾಲ್ಕನೆಯ ಅಂಕದಲ್ಲಿ ಜರ್ವೇಸ್ ಅವಳ ಮುಂದೆ ಮೊಣಕಾಲೂರಿ, ನಿನ್ನ ಒಂದು ನೋಟಕ್ಕೆ ನರಕಕ್ಕೂ ಸಿದ್ಧ ಎಂದ. ಅವನ ಧ್ವನಿ ನಡುಗಿತು. ಚೆನ್ನಾಗಿ ನಡುಗಿಸಬಲ್ಲ ಧ್ವನಿ ಅದು. ಮನೆಯಲ್ಲಿ ಅದು ಒಂದು ದಿನವೂ ನಡುಗಿದ್ದಿಲ್ಲ. ಈ ಮೊಣಕಾಲು, ಈ ನಡುಕ, ತನ್ನ ಮುಂಗೈಗೆ ತಾಗಿದ ಈ ಬಿಸಿಯುಸಿರು ಎಲ್ಲವನ್ನೂ ಕವಿಗೆ ಒಪ್ಪಿಸಿ, ಮನೆಗೆ ಬರುವಾಗ ಖಾಲಿ ಕೋಟಿನಂತೆ ಬರುತ್ತಿದ್ದನಲ್ಲ ಎಂದು ಅವಳ ಹೊಟ್ಟೆ ಉರಿಯಿತು. ಉರಿದದ್ದಕ್ಕೆ ನಾಚಿಕೆಯಾಯಿತು. ಮೇಲಿನ ಸಾಲಿನಲ್ಲಿ ಕಪ್ಪು ಮುಖವಾಡ ಸ್ವಲ್ಪ ಮುಂದಕ್ಕೆ ಬಾಗಿ ನೋಡುತ್ತಿತ್ತು.

ಐದನೆಯ ಅಂಕ ಮುಗಿಯಿತು. ಮುದುಕ ಏನೂ ತಿಳಿಯದೆ ಎಲ್ಲರನ್ನೂ ಕ್ಷಮಿಸಿದ, ಪಿಟೀಲು ನುಡಿಯಿತು. ಪದ್ಧತಿಯಂತೆ ಆಟದವರೆಲ್ಲ ಹಿಂದೆ ಸಾಲಾಗಿ ನಿಂತರು. ಡಾರ್ಕಸ್ ಒಬ್ಬಳೇ ಮೋಂಬತ್ತಿಗಳ ಕೆಳಗೆ, ಬೆಂಚಿನವರ ಕೈಗೆ ಲಂಗದ ಅಂಚು ಎಟಕುವಷ್ಟು ಮುಂದಕ್ಕೆ ಬಂದಳು. ಮಗ್ಗುಲ ಬಾಗಿಲ ಸಂದಿಯಲ್ಲಿ ಲೆಟಿಸ್ ತುಟಿ ಆಡಿಸುತ್ತಿದ್ದಳು. ಪದ್ಯ ಶುರುವಾಯಿತು. ವಕೀಲರ ಮೇಲೆ ಒಂದು ಚಾಟಿ, ಅಂಗಡಿಯವರ ಹೆಂಡಿರ ಮೇಲೆ ಒಂದು, ಅಲ್ಲಲ್ಲಿ ನಗು. ಆಮೇಲೆ ಮಂಚವೇರಿದ ಗಂಡ ಬಂದ. ಬಾಗಿಲು ತೆಗೆದಿದೆಯೆ ಎಂದಳು. ಜನಕ್ಕೆ ಮುಂದಿನ ಸಾಲು ಬೇಕಾಗಲೇ ಇಲ್ಲ. ಅವರಿಗೆ ಆಗಲೇ ತಿಳಿದುಹೋಗಿತ್ತು. ಒಬ್ಬ ಬೆಂಚು ಹತ್ತಿ, “ನಾನು ಬರ್ಲಾ ಡಾರ್ಕಸ್?” ಎಂದು ಕೂಗಿದ. ಇನ್ನೊಬ್ಬ, “ಸಾಲಲ್ಲಿ ನಿಂತ್ಕೊಳ್ಳೋ!” ಎಂದ. ಕಿತ್ತಳೆ ಮಾರುವ ಹೆಂಗಸರು ಬುಟ್ಟಿ ಇಳಿಸಿ ನಕ್ಕರು. ಆ ಬಾಯಿಗಳನ್ನೆಲ್ಲ ನೋಡುತ್ತ ನಿಂತ ಡಾರ್ಕಸಳಿಗೆ ಅಳು ಬರಲಿಲ್ಲ. ತಣ್ಣಗೆ, ಹಾವಿನಂತೆ ತಣ್ಣಗೆ ಒಂದು ದ್ವೇಷ ಬಂತು, ಅದು ಬೆಂಚಿನವರ ಕಡೆ ಹೋಗದೆ ಬೆನ್ನ ಹಿಂದಕ್ಕೆ ತಿರುಗಿತು. ಇನ್ನೂ ಎರಡು ಸಾಲು ಉಳಿದಿತ್ತು. ಅವಳು ಅದನ್ನು ಬಿಟ್ಟು, ಜನಕ್ಕೆ ಬೆನ್ನು ಹಾಕಿ, ಹಿಂದಿನ ಸಾಲಿನ ಕಡೆ ತಿರುಗಿದಳು. ರಂಗದ ಮೇಲೆ ಯಾರೂ ಮಾಡದ ಕೆಲಸ ಅದು.

“ಜರ್ವೇಸ್ ಹೋಲ್ಟ್” ಎಂದು ಪಾತ್ರದ ಹೆಸರು ಬಿಟ್ಟು ಕರೆದಳು. “ಅವತ್ತು ಬಾಗಿಲು ಹಾಕಿದ್ದು ಯಾರು?”

ಪದ್ಯದಲ್ಲಿ ಗಂಡನನ್ನೂ ಎಳೆದು ತಂದಿದ್ದಾರೆಂದು ಜನಕ್ಕೆ ಹೊಳೆದದ್ದೇ ತಡ, ಎಲ್ಲರೂ ಕುತ್ತಿಗೆ ಉದ್ದ ಮಾಡಿದರು. ಮಂಡಳಿಯ ಮಾಲೀಕ ಕಿಲ್ಬಿ ಬಾಗಿಲ ಹಿಂದೆ ಕೈ ಕೈ ಹಿಸುಕಿಕೊಂಡ. ಜರ್ವೇಸನ ಮುಖದಲ್ಲಿ ಬಣ್ಣದ ಕೆಳಗೆ ಏನೋ ಕುಸಿದದ್ದನ್ನು ಅವಳೊಬ್ಬಳೇ ಕಂಡಳು. ಆಮೇಲೆ ಅವನು ಸಾಲು ಬಿಟ್ಟು ಮುಂದೆ ಬಂದ, ಗರಿಯ ಹ್ಯಾಟು ತೆಗೆದು ನೆಲ ಗುಡಿಸುವಂತೆ ಬೀಸಿ ಅವಳಿಗೆ ನಮಸ್ಕರಿಸಿದ.

“ನಾನೇ, ಮೇಡಂ” ಎಂದ. “ಈ ಕೈಯಿಂದಲೇ.” ಬಲಗೈ ಎತ್ತಿ ಬೆಂಚಿನವರಿಗೆಲ್ಲ ಕಾಣುವಂತೆ ತಿರುಗಿಸಿ ತಿರುಗಿಸಿ ತೋರಿಸಿದ.

ಚಾವಣಿ ಹಾರಿಹೋಗುವ ಹಾಗೆ ನಕ್ಕರು. ಹೆಂಡತಿಯ ಮಿಂಡರಿಗೆ ಬಾಗಿಲು ಹಾಕಿದ ಪಾಪಿ ಗಂಡ ಎಂದು ಯಾರೋ ಅವನ ಮೇಲೆ ಕಿತ್ತಳೆ ಸಿಪ್ಪೆ ಎಸೆದರು, ಅವನು ಅದನ್ನೂ ಹಿಡಿದು ಎದೆಗೊತ್ತಿಕೊಂಡ. ಡಾರ್ಕಸ್ ಮೊಣಕಾಲು ಬಗ್ಗಿಸಿದಳು. ಒಪ್ಪಿಕೊಂಡ! ಮೂರು ವರ್ಷ ಅವಳೊಬ್ಬಳೇ ಹೊತ್ತಿದ್ದನ್ನು ಊರ ಮುಂದೆ, ಆ ಮುಖವಾಡದವಳ ಮುಂದೆ ಒಪ್ಪಿಕೊಂಡ. ಎದೆಯ ಮೇಲಿನ ಚಪ್ಪಡಿ ಸರಿದು ಉಸಿರು ಸಲೀಸಾಗಿ ಬಂತು. ಇಂಥ ಖುಷಿಗೆ ಹೆಸರೇನೆಂದು ಅವಳಿಗೆ ಗೊತ್ತಿರಲಿಲ್ಲ, ಒಳ್ಳೆಯ ಹೆಸರಂತೂ ಇರಲಾರದು.

ಬಣ್ಣದ ಕೋಣೆಯಲ್ಲಿ ಕಿಲ್ಬಿ ಇಬ್ಬರ ಬೆನ್ನೂ ತಟ್ಟಿದ. “ನಾಳೆಯೂ ಹೀಗೇ ಆಗ್ಬೇಕು ನೋಡಿ. ಒಂದಕ್ಷರ ಆಚೀಚೆ ಆಗ್ಬಾರದು. ಇದು ಬೇಸಿಗೆ ಪೂರ್ತಿ ಓಡುತ್ತೆ.” ಫೆನ್ ತನ್ನದೇ ಸಾಲೆಂಬಂತೆ ಬೀಗುತ್ತ ಅವನ ಹಿಂದೆ ಹೋದ. ಬಾಗಿಲ ಆಚೆ, ಪದ್ಯ ಕೈತಪ್ಪಿದ್ದಕ್ಕೆ ಲೆಟಿಸ್ ಅಳುವುದು ಕೇಳಿಸಿತು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು, ಕಲ್ಲಿದ್ದಲ ಹೊಗೆಯ ಮಾಸಲು ಬೆಳಕು. ಜರ್ವೇಸ್ ಪೆಟ್ಟಿಗೆಯ ಮೇಲೆ ಕೂತು ಕೊಬ್ಬು ಸವರಿದ ಬಟ್ಟೆಯಿಂದ ಕೆನ್ನೆ ಒರೆಸಿಕೊಳ್ಳುತ್ತಿದ್ದ.

“ದಿನಾ ಹೇಳ್ಬೇಕು ನೀವು” ಎಂದಳು ಡಾರ್ಕಸ್. ಧ್ವನಿಯಲ್ಲಿ ಗೆದ್ದ ಸೊಕ್ಕಿತ್ತು, ಅದು ಅವಳಿಗೇ ಕೇಳಿಸಿತು. “ಈ ನಾಟಕ ಇರೋವರೆಗೂ ದಿನಾ. ಆ ಮುಖವಾಡದವಳು ಅಲ್ಲಿ ಕೂತು ನೋಡ್ತಿರ್ಲಿ.”

“ಹೇಳ್ತೀನಿ. ಅದರಲ್ಲೇನಿದೆ?” ಅವನು ಬಟ್ಟೆ ಮಡಚಿ ಇನ್ನೊಂದು ಕೆನ್ನೆಗೆ ಹಚ್ಚಿದ. “ಆದ್ರೆ ನಾನು ಹಾಕಲಿಲ್ಲ ಕಣೇ.”

“ಏನಂದ್ರಿ?”

“ಬಾಗಿಲು. ನಾನು ಹಾಕಲಿಲ್ಲ. ಕೂಸಿಗೆ ಕೆಮ್ಮು, ತೆಗೆದಿರ್ಲಿ ಅಂದೆ. ನೀನು, ಇವತ್ತೊಂದಿನ ನನಗೆ ಅಂತ ಬಿಡಿ ಅಂದು ನಗ್ತಾ ಎದ್ದು ಹೋಗಿ ಹಾಕಿ ಬಂದೆ.”

“ಸುಳ್ಳು.”

“ಹೂಂ. ಹೊರಗೆ ಹೇಳಿದ್ದು ಸುಳ್ಳು.”

“ಮತ್ತೆ ಮೂರು ವರ್ಷ ಬಾಯಲ್ಲೇನು ಇಟ್ಕೊಂಡಿದ್ರಿ?”

“ನೀನು ಕೇಳ್ಲೇ ಇಲ್ಲ. ಇವತ್ತು ಕೇಳ್ದೆ, ಊರ ಮುಂದೆ ನಿಲ್ಲಿಸಿ. ಅಷ್ಟು ಜನರ ಮುಂದೆ ಹೆಂಡ್ತಿ ಹೆಸರು ಹೇಳ್ಲಾ?”

ಡಾರ್ಕಸ್ ಆ ಕೈಯನ್ನು ಹುಡುಕಿದಳು. ಮೂರು ವರ್ಷ ಕರೆದಾಗಲೆಲ್ಲ ಬರುತ್ತಿದ್ದ ಅವನ ಕೈ ಈಗ ಬರಲಿಲ್ಲ. ಬಾಗಿಲು ಬಂತು, ಮಗುವಿನ ಕುಂಯ್ ಬಂತು, ತನ್ನದೇ ನಗು ಬಂತು, ನಡುವೆ ಕೈ ಇರಲಿಲ್ಲ. ಇವನು ಹೇಳುವುದು ನಿಜವಿರಬಹುದು. ಇವನು ನಟ, ಅದೂ ಇರಬಹುದು. ಇದನ್ನು ಪ್ರೀತಿಯಿಂದ ಮುಚ್ಚಿಟ್ಟನೋ, ಒಂದಲ್ಲ ಒಂದು ದಿನ ಬೇಕಾದೀತೆಂದು ಕೂಡಿಟ್ಟನೋ? ಕೇಳಿದರೆ ಅದಕ್ಕೂ ಒಂದು ಚಂದದ ಉತ್ತರ ಕೊಡುತ್ತಾನೆ. ಅವನು ಹಾಕಿದ್ದರೆ ಎಷ್ಟು ಚೆನ್ನಾಗಿತ್ತು. ದಿನಾ ಇನ್ನೊಬ್ಬಳ ಹಾಸಿಗೆಯಿಂದ ಎದ್ದು ಬಂದಿದ್ದರೂ ಚೆನ್ನಾಗಿತ್ತು, ಹೊಡೆದಿದ್ದರೂ ಚೆನ್ನಾಗಿತ್ತು. ಹೀಗೆ ಹ್ಯಾಟು ಬೀಸಿ ನನ್ನ ಪಾಪವನ್ನು ಅವನು ಎತ್ತಿಕೊಂಡದ್ದನ್ನು ಮಾತ್ರ ಈ ಜನ್ಮದಲ್ಲಿ ಕ್ಷಮಿಸಲಾರೆ ಎಂದು ಅವಳಿಗೆ ಖಚಿತವಾಯಿತು. ಬೆರಳುಗಳು ಕನ್ನಡಿಯ ಮುಂದಿದ್ದ ಬಣ್ಣದ ಬಟ್ಟಲನ್ನು ಹಿಡಿದಿದ್ದವು. ಅದನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು, ಎಸೆಯಲಿಲ್ಲ.

ಜರ್ವೇಸ್ ಎದ್ದ. ಬಣ್ಣ ಹೋದ ಮುಖ ವಯಸ್ಸಾದವನದಾಗಿತ್ತು. “ನಾಳೆಯೂ ನಾನೇ ಅಂತೀನಿ. ನಾಡಿದ್ದೂ ಅಂತೀನಿ. ನೀನು ಕೇಳು, ಅಷ್ಟೇ.”

“ಕೇಳ್ತೀನಿ” ಎಂದಳು ಡಾರ್ಕಸ್.